ಸಾರು ನೀರಲ್ಲವಂತೆ!

ವಿಜಯನಗರದ ಒಂದು ಡಯಾಲಿಸಿಸ್ ಸೆಂಟರಿನಲ್ಲಿ ನಾನು ಟೆಕ್ನಿಷಿಯನ್. ವಾರಕ್ಕೆ ಮೂರು ಸಲ ಬಂದು, ನಾಲ್ಕು ಗಂಟೆ ಮೆಷಿನ್ ಪಕ್ಕ ಮಲಗುವವರು ಅಳುತ್ತಲೇ ಇರುತ್ತಾರೆ ಅಂತ ಜನ ಅಂದುಕೊಂಡಿದ್ದಾರೆ. ನಮ್ಮಲ್ಲಿ ನಗದೆ ಮನೆಗೆ ಹೋದ ದಿನ ಕಡಿಮೆ. ಅದರಲ್ಲೂ ದೀಪಾಂಜಲಿ ನಗರದಿಂದ ಬರುತ್ತಿದ್ದ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಇದ್ದರಲ್ಲ, ಅವರನ್ನು ಮರೆಯೋ ಹಾಗೇ ಇಲ್ಲ.

೧. ತೂಕ

ಕಿಡ್ನಿ ಕೈಕೊಟ್ಟರೆ ಕುಡಿದ ನೀರು ಹೊರಗೆ ಹೋಗದೆ ಮೈಯಲ್ಲೇ ಉಳಿಯುತ್ತದೆ. ಹಾಗಾಗಿ ಬಂದ ಕೂಡಲೇ ತೂಕ ನೋಡುತ್ತೇವೆ. ಕಂಡಕ್ಟರ್ ಚಪ್ಪಲಿ ಬಿಟ್ಟರು, ವಾಚು, ಬೆಲ್ಟು ಬಿಚ್ಚಿದರು. ಹಲ್ಲಿನ ಸೆಟ್ಟನ್ನೂ ತೆಗೆದು ಹೆಂಡತಿಯ ಕೈಗಿಟ್ಟರು. ಆದರೂ ಹೋದ ಸಲಕ್ಕಿಂತ ಮೂರೂವರೆ ಕೆಜಿ ಜಾಸ್ತಿ.

“ನಿಮ್ ತೂಕದ ಮೆಷಿನ್ನೇ ಸರಿ ಇಲ್ಲ,” ಅಂದರು ಬೊಚ್ಚುಬಾಯಲ್ಲಿ.

“ಬೆಳಿಗ್ಗೆ ಎರಡು ಲೋಟ ಕಾಫಿ ಕುಡಿದ್ರಲ್ಲ, ಅದನ್ನೂ ಬಿಚ್ಚಿಡಿ,” ಅಂದರು ಅವರ ಹೆಂಡತಿ, ನಮಗೆಲ್ಲ ಆಂಟಿ.

೨. ಗೃಹಪ್ರವೇಶ

ಇನ್ನೊಂದು ಸಲ ತೂಕ ನಾಲ್ಕು ಕೆಜಿ ಏರಿತ್ತು. “ದೇವರಾಣೆ, ಒಂದು ತೊಟ್ಟು ನೀರು ಕುಡಿದಿಲ್ಲ ಕಣಪ್ಪಾ!”

“ಮತ್ತೇನು ಕುಡಿದ್ರಿ ಅಂಕಲ್?”

“ಬ್ಯಾಡರಹಳ್ಳೀಲಿ ನೆಂಟರ ಗೃಹಪ್ರವೇಶ. ತಿಳಿಸಾರು, ಪಾಯಸ, ಮಜ್ಜಿಗೆ. ಬಡಿಸೋವಾಗ ಬೇಡ ಅನ್ನಕ್ಕಾಗತ್ತಾ?”

“ಅದೆಲ್ಲ ನೀರೇ ಅಲ್ವಾ?”

“ಸಾರು ಹೆಂಗಪ್ಪಾ ನೀರಾಗತ್ತೆ? ಅಷ್ಟೊಂದು ಉಪ್ಪು ಹಾಕಿದ್ರು!”

ಡಾಕ್ಟರು ಅವರಿಗೆ ಉಪ್ಪನ್ನೂ ಬಿಡಿಸಿದ್ದರು. ನಾವು ಕೇಳುವ ಮೊದಲೇ ಅದನ್ನೂ ಒಪ್ಪಿಕೊಂಡುಬಿಟ್ಟರು.

೩. ಸಹಿ

ಕಿಡ್ನಿ ಕಸಿ ಮಾಡಿಸಿಕೊಳ್ಳಿ ಅಂತ ಡಾಕ್ಟರು ಹೇಳಿದರು. ಆಂಟಿ ತಮ್ಮದೊಂದು ಕೊಡ್ತೀನಿ ಅಂದರು, ಅದು ಹೊಂದಿಕೆಯೂ ಆಯಿತು. ಆದರೆ ಕಂಡಕ್ಟರ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲಿಲ್ಲ. ಒಂದು ಸಲ ಆಷಾಢ ಅಂದರು, ಇನ್ನೊಂದು ಸಲ ಕನ್ನಡಕ ಮರೆತೆ ಅಂದರು. ಹೀಗೇ ಮೂರು ತಿಂಗಳು ಕಳೆಯಿತು. ಅವರ ಮೈ ದಿನೇ ದಿನೇ ಇಳಿಯುತ್ತಿತ್ತು, ನನಗೂ ಹೆದರಿಕೆ ಶುರುವಾಗಿತ್ತು.

ಒಂದು ದಿನ ಸೂಜಿ ಚುಚ್ಚುವಾಗ, ಸಹಿ ಯಾಕೆ ಹಾಕ್ತಿಲ್ಲ ಅಂತ ನಾನೇ ಕೇಳಿದೆ. “ಅವಳಿಗೆ ಏನಾದ್ರೂ ಆದ್ರೆ ನಾನು ಬದುಕಿ ಏನಪ್ಪಾ ಮಾಡ್ಲಿ?” ಅಂದರು ಮೆಲ್ಲಗೆ.

ಆಂಟಿ ಪರದೆ ಆಚೆಯೇ ನಿಂತಿದ್ದರು. ಕಣ್ಣೊರೆಸಿಕೊಂಡು ಒಳಗೆ ಬಂದವರೇ ಪತ್ರವನ್ನು ಅವರ ಎದೆ ಮೇಲಿಟ್ಟರು.

“ಏನ್ರೀ, ಪ್ರೀತಿಗೆ ಕೊಡ್ತಿದೀನಿ ಅಂದ್ಕೊಂಡ್ರಾ? ಮೂವತ್ತೈದು ವರ್ಷ ಹೊರಗಡೆಯಿಂದ ಹೇಳಿದ್ದು ಒಂದೂ ಕೇಳ್ಲಿಲ್ಲ ನೀವು. ಇನ್ಮೇಲೆ ಒಳಗಡೆಯಿಂದ ಹೇಳ್ತೀನಿ.”

ಕಂಡಕ್ಟರ್ ಸೂಜಿಯಿಲ್ಲದ ಕೈಯನ್ನು ನನ್ನತ್ತ ಚಾಚಿದರು.

“ಪೆನ್ ಕೊಡಪ್ಪಾ. ಎರಡೂ ಕಡೆಯಿಂದ ಬೈಸ್ಕೊಳ್ಳೋದು ಅಂತ ನನ್ನ ಹಣೇಲಿ ಬರೆದಿದೆ.”