ನನ್ನ ಸೊಂಟವನ್ನು ಬಸುವಿಗೆ ದಯಪಾಲಿಸಿದ ಕಂಪನಿಗೆ

ಸಂಸ್ಥಾಪಕರು ಹಾಗೂ ಮುಖ್ಯ ಕಾರ್ಯನಿರ್ವಾಹಕರು,
ಟಾಕಾ-ಟೆಕ್ ಸೊಲ್ಯೂಷನ್ಸ್,
ಹೈಟೆಕ್ ಸಿಟಿ, ಹೈದರಾಬಾದ್

ಮಾನ್ಯರೇ,

ತಾವು ಆ ಗಾಜಿನ ಕಟ್ಟಡದ ಎಷ್ಟನೆಯ ಮಹಡಿಯಲ್ಲಿ ವಿರಾಜಮಾನರಾಗಿದ್ದೀರೋ ತಿಳಿಯದ ಕಾರಣ ಎಲ್ಲ ಮಹಡಿಗಳಿಗೂ ಒಟ್ಟಾಗಿ ಕೈಮುಗಿದು, ಬಾಲಾನಗರದ ವಿಮಾನ ಉಪಕರಣಗಳ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದ ನೌಕರನಾದ ನರಹರಿ ಎಂಬ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಕಂಪನಿಯ ಕೃಪೆಯಿಂದ ಈಚೆಗೆ ನನ್ನ ಸೊಂಟವು ಬೇರೊಬ್ಬರ ಪಾಲಾಗಿದ್ದು, ಅದರಿಂದ ನನಗೂ ಅವರಿಗೂ ಆಗಿರುವ ಲಾಭಗಳನ್ನು ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯವಾಗಿದೆ.

ನಮ್ಮ ಮಗಳು ವರ್ಷಾಳ ನಿಶ್ಚಿತಾರ್ಥ ಗೊತ್ತಾಗಿತ್ತು. ವರ ಸುಮಂತನ ಕಡೆಯವರು ಪುಣೆಯಲ್ಲಿ ನೆಲೆಸಿದ ಕನ್ನಡಿಗರು, ನೀಟಾಗಿ ಬಟ್ಟೆ ಹಾಕುವ ಜನ. ಕಾರ್ಖಾನೆಯ ಖಾಕಿಯಲ್ಲೇ ಆಯುಷ್ಯ ಕಳೆದ ಅಪ್ಪ ಅವರೆದುರು ಹೇಗೆ ಕಂಡಾನೋ ಎಂಬ ಚಿಂತೆ ಹುಡುಗಿಗೆ. ಬಾಯಿಬಿಟ್ಟು ಹೇಳಲಿಲ್ಲ, “ಅಪ್ಪಾ, ಸರಿಯಾಗಿ ಕೂಡೋ ಒಂದು ಪ್ಯಾಂಟ್ ತಗೊಳ್ರಿ,” ಎಂದಷ್ಟೇ ಅಂದಳು. ಹಾಗೆಂದೇ ನಾನು ಬೇಗಂಪೇಟೆಯ ದೊಡ್ಡ ಬಟ್ಟೆ ಅಂಗಡಿಯಲ್ಲಿ ಬೂದಿ ಬಣ್ಣದ ಪ್ಯಾಂಟೊಂದನ್ನು ಕೊಂಡು, ಅದೇ ಅಂಗಡಿಯ ಮೂಲೆಯಲ್ಲಿ ಝಗಮಗಿಸುತ್ತಿದ್ದ ತಮ್ಮ ಕೌಂಟರಿಗೆ ಆಲ್ಟರೇಶನ್‌ಗೆ ಒಪ್ಪಿಸಿದೆ. ಅಲ್ಲಿನ ಸಿಬ್ಬಂದಿ ತಾರಾ ಎಂಬ ಹುಡುಗಿ ನನ್ನ ಸುತ್ತ ಟೇಪು ಸುತ್ತಿ, ಅಂಕಿಗಳನ್ನು ಟ್ಯಾಬಿಗೆ ಒತ್ತಿ, “ಇನ್ನು ನಿಮ್ಮ ಅಳತೆ ಕ್ಲೌಡಿನಲ್ಲಿರುತ್ತೆ ಸಾರ್,” ಎಂದು ತೆಲುಗಿನಲ್ಲಿ ಹೇಳಿದಳು. ಬದುಕಿರುವಾಗಲೇ ಮೋಡ ಸೇರಿದ ನಮ್ಮ ಮನೆತನದ ಮೊದಲಿಗ ನಾನೇ ಎಂಬ ಹೆಮ್ಮೆಯಿಂದ ಮನೆಗೆ ಬಂದೆ.

ನಿಶ್ಚಿತಾರ್ಥದ ದಿನ ಮಧ್ಯಾಹ್ನ ‘ನಿಮ್ಮ ಸಂತೋಷ ಸಿದ್ಧವಾಗಿದೆ’ ಎಂದು ತಮ್ಮ ಸಂದೇಶ ಬಂತು. ಛತ್ರ ಬೇಗಂಪೇಟೆಯಲ್ಲೇ ಇದ್ದುದರಿಂದ, ಅಂಗಡಿಯಲ್ಲೇ ಪ್ಯಾಂಟು ಹಾಕಿಕೊಂಡು ನೇರ ಹೋದರಾಯಿತೆಂದು ವರ್ಷಾಳನ್ನು ಬಳಗದವರ ಜೊತೆ ಮುಂದೆ ಕಳಿಸಿ, ನಾನು ಇಸ್ತ್ರಿ ಮಾಡಿದ ಶರ್ಟಿನ ಕೆಳಗೆ ಮನೆಯ ಪೈಜಾಮದಲ್ಲೇ, ಹೆಂಡತಿ ಸುಭದ್ರಾಳೊಂದಿಗೆ ಆಟೋ ಹತ್ತಿದೆ. ತಮ್ಮ ಮೇಲೆ ಅಷ್ಟು ಭರವಸೆಯಿತ್ತೆಂದು ಇದರಿಂದ ತಿಳಿಯಬೇಕು.

ಟ್ರಯಲ್ ರೂಮಿನಲ್ಲಿ ಆ ಪ್ಯಾಂಟು ನನ್ನ ಮೊಣಕಾಲಿನವರೆಗೆ ಬಂದು, ಮುಂದಿನ ಪ್ರಯಾಣಕ್ಕೆ ಖಡಾಖಂಡಿತ ನಿರಾಕರಿಸಿತು. ವಿಮಾನದ ಬಿಡಿಭಾಗಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಹುಡುಕುವುದು ನನ್ನ ಕೆಲಸ. ತಾವೋ, ಒಬ್ಬ ಇಡೀ ಮನುಷ್ಯನಷ್ಟು ವ್ಯತ್ಯಾಸವನ್ನು ಒಂದೇ ಪ್ಯಾಂಟಿನಲ್ಲಿ ಸಾಧಿಸಿದ್ದಿರಿ.

ನಾನಿನ್ನೂ ಅದರೊಂದಿಗೆ ಗುದ್ದಾಡುತ್ತಿರುವಾಗ ಪಕ್ಕದ ಟ್ರಯಲ್ ರೂಮಿನ ಬಾಗಿಲು ತೆರೆದ ಸದ್ದಾಯಿತು. ಅದರ ಹಿಂದೆಯೇ ಒಬ್ಬ ಹೆಂಗಸಿನ ದನಿ: “ಯಪ್ಪಾ ಬಸೂ, ಎಲ್ಲಿ ಹ್ವಾದಿಯೋ? ಪ್ಯಾಂಟ್ ಒಂದೇ ಕಾಣಾಕತ್ತೈತಿ!”

ಹೈದರಾಬಾದಿನ ಅಂಗಡಿಯಲ್ಲಿ ನಮ್ಮ ಕಡೆಯ ಮಾತು ಕೇಳಿದ ಸುಭದ್ರಾ ನನ್ನ ಸಂಕಟ ಮರೆತು, “ಯಾವೂರ್‍ರೀ ನಿಮ್ದು?” ಎಂದು ಹೋಗಿ ವಿಚಾರಿಸಿದಳು. ಮಾತನಾಡಿದಾಕೆ ಸೇಡಂ ಬಳಿಯ ಸಾಬಮ್ಮ. ಜೊತೆಗಿದ್ದವನು ಆಕೆಯ ಅಕ್ಕನ ಮಗ ಬಸು, ಮಾಧಾಪುರದ ದೊಡ್ಡ ಕಟ್ಟಡಗಳಲ್ಲಿ ಟೈಲ್ಸ್ ಹಾಕುವ ಸಣಕಲು ಹುಡುಗ. ಅಂದು ಸಂಜೆಯ ರೈಲಿಗೆ ಊರಿಗೆ ಹೊರಟಿದ್ದ, ಹೆಣ್ಣು ನೋಡಲು. ಜೀವನದಲ್ಲೇ ಮೊದಲ ಬಾರಿ ದೊಡ್ಡ ಅಂಗಡಿಯಲ್ಲಿ, ತನ್ನ ಮನಸ್ಸಿಗೆ ಬಂದ ನವಿಲುಗರಿಯ ಬಣ್ಣದ ಪ್ಯಾಂಟು ಕೊಂಡಿದ್ದ. ಅದನ್ನು ತಾವು ಪ್ರೀತಿಯಿಂದ ನನ್ನ ಅಳತೆಗೆ ಹಿಗ್ಗಿಸಿದ್ದಿರಿ. ಬಟ್ಟೆ ಸಾಲದ್ದಕ್ಕೆ ಎರಡೂ ಬದಿಗೆ ಸೊಂಟದಿಂದ ಪಾದದವರೆಗೆ ಕರಿಯ ಪಟ್ಟಿ ಕೂಡಿಸಿದ್ದಿರಿ. ಹುಡುಗ ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡು, ಅಳುವುದೋ ಬಿಡುವುದೋ ತಿಳಿಯದೆ ನಿಂತಿದ್ದ.

ತಾರಾಳನ್ನು ಕರೆದೆವು. ಪಾಪ, ಆಕೆ ಟ್ಯಾಬನ್ನು ಮೇಲೆ ಕೆಳಗೆ ತೀಡಿ, “ಸಿಸ್ಟಮ್‌ನಲ್ಲಿ ನೀವಿಬ್ಬರೂ ಸಂತೋಷವಾಗಿದ್ದೀರಿ ಸಾರ್,” ಎಂದಳು. ತಮ್ಮ ಸಹಾಯವಾಣಿಗೂ ಫೋನು ಮಾಡಿದೆ. ಬಟ್ಟೆ ಬಿಗಿಯಾಗಿದ್ದರೆ ಒಂದನ್ನು, ಸಡಿಲವಾಗಿದ್ದರೆ ಎರಡನ್ನು ಒತ್ತಲು ಅಪ್ಪಣೆಯಾಯಿತು. ಬೇರೆಯವರಿಗೆ ಹೊಂದುವಂತಿದ್ದರೆ ಒತ್ತಲು ಗುಂಡಿಯೇ ಇರಲಿಲ್ಲ. ಬಿಗಿತ ನನ್ನದು, ಸಡಿಲು ಬಸುವಿನದು ಎಂದು ಎರಡನ್ನೂ ಒತ್ತಿದೆ. ತಮ್ಮ ಯಂತ್ರ ನಮ್ಮಿಬ್ಬರಿಗೂ ಧನ್ಯವಾದ ಹೇಳಿ ಫೋನಿಟ್ಟಿತು.

ಆಗ ಸಾಬಮ್ಮ ನನ್ನನ್ನೊಮ್ಮೆ, ತನ್ನ ಹುಡುಗನನ್ನೊಮ್ಮೆ ನೋಡಿ, “ಹೊತ್ತಾಗಾಕತ್ತೈತ್ರಿ ಸಾಹೇಬ್ರ. ನಿಮ್ದು ಇವಗ ಕೊಡ್ರಿ, ಇವಂದು ನೀವು ಹಾಕ್ಕೊಳ್ರಿ. ಪೈಜಾಮದಾಗ ನಿಂತು ಮಗಳ ಕಾರ್ಯ ಮಾಡ್ತೀರೇನ್ರಿ?” ಎಂದಳು.

ನಾನು ಸುಭದ್ರಾಳ ಮುಖ ನೋಡಿದೆ. ಆಕೆ ಗಡಿಯಾರ ನೋಡಿದಳು. ಹಾಗೆ ನಾನು ನವಿಲಾದೆ, ಬಸು ಸಂಭಾವಿತನಾದ. ಮಾನ್ಯರೇ, ನ್ಯಾಯವಾಗಿ ಹೇಳಬೇಕೆಂದರೆ ಹೊಲಿಗೆ ಅದ್ಭುತ! ಎರಡೂ ಪ್ಯಾಂಟುಗಳು ಇಬ್ಬರಿಗೂ ಎರಕ ಹೊಯ್ದಂತೆ ಕೂತವು.

ಛತ್ರದ ಬಾಗಿಲಲ್ಲಿ, ನನ್ನನ್ನು ಅದುವರೆಗೆ ನೋಡದಿದ್ದ ಸುಮಂತನ ಚಿಕ್ಕಪ್ಪ ನನ್ನ ಕರಿಯ ಪಟ್ಟಿಗಳನ್ನು ಕಂಡು, “ಬ್ಯಾಂಡಿನವರೇನಪಾ? ಹಿಂದಿನ ಬಾಗಿಲಿಂದ ಬಾ,” ಎಂದರು. ನಿಜ ಹೇಳುತ್ತೇನೆ, ಹಿಂದಿನ ಬಾಗಿಲಿಂದ ಹೋಗಿ ಕಂಬದ ಮರೆಗೆ ನಿಂತುಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಹುಡುಗಿಯ ಮರ್ಯಾದೆಯಾದರೂ ಉಳಿದೀತು ಎಂದು. ಅಷ್ಟರಲ್ಲಿ ವೇದಿಕೆಯ ಮೇಲೆ ಕೂತಿದ್ದ ವರ್ಷಾ ನನ್ನನ್ನು ನೋಡಿದಳು. ಪ್ಯಾಂಟನ್ನೂ ನೋಡಿದಳು. ಮೊದಲು ಬಾಯಿ ಮುಚ್ಚಿಕೊಂಡಳು, ಆಮೇಲೆ ಮುಚ್ಚಲಾಗದೆ ನಕ್ಕಳು, ಕಾಡಿಗೆ ಕೆನ್ನೆಗೆ ಇಳಿಯುವಷ್ಟು ನಕ್ಕಳು. ವಾರಗಟ್ಟಲೆಯಿಂದ ಬಿಗಿದುಕೊಂಡಿದ್ದ ಆ ಮುಖ ಸಡಿಲಾದದ್ದನ್ನು ನಾನು ಕಂಡದ್ದು ಅಂದೇ. ಪುರೋಹಿತರು ಬೇಡವೆಂದರೂ ಕೇಳದೆ ಎದ್ದು ಬಾಗಿಲಿಗೆ ಬಂದು, ನನ್ನ ಕೈ ಹಿಡಿದು, “ಕಾಕಾ, ಇವ್ರು ನಮ್ಮಪ್ಪ,” ಎಂದು ಆ ಚಿಕ್ಕಪ್ಪನಿಗೆ ಹೇಳಿ ಮುಂದಿನ ಬಾಗಿಲಿನಿಂದಲೇ ಕರೆದೊಯ್ದಳು. ಚಿಕ್ಕಪ್ಪ ಆ ಸಂಜೆಯಿಡೀ ನನ್ನ ತಟ್ಟೆಗೆ ಹೋಳಿಗೆ ಬಡಿಸುತ್ತಲೇ ಇದ್ದರು. ಸುಮಂತನಂತೂ ಕಿವಿಯಲ್ಲಿ, “ಮಾವಾ, ಇದು ಎಲ್ಲಿ ಸಿಗ್ತದ?” ಎಂದು ಕೇಳಿದ. ಹುಡುಗ ನನಗೆ ಒಪ್ಪಿಗೆಯಾದ.

ಬಸುವಿನ ಕಥೆಯನ್ನು ಸಾಬಮ್ಮ ಫೋನಿನಲ್ಲಿ ಹೇಳಿದಳು. ಹೆಣ್ಣಿನ ತಂದೆ ಆ ಬೂದಿ ಬಣ್ಣಕ್ಕೆ ಬೆರಗಾಗಿ ಯಾವ ಆಫೀಸು ಎಂದು ಕೇಳಿದರಂತೆ. ಸುಳ್ಳು ಬಾರದ ಹುಡುಗ ಟೈಲ್ಸ್ ಹಾಕುತ್ತೇನೆಂದ. ಆಗ ಹುಡುಗಿ ಭಾಗ್ಯಶ್ರೀ ಒಳಗಿನಿಂದ, “ಹಂಗಾರ ನಮ್ಮ ಬಚ್ಚಲದಾಗ ಫರಶಿ ಕಿತ್ತೈತಿ, ಒಂದೀಟು ನೋಡಂತ ಹೇಳ್ರಿ,” ಅಂದಳಂತೆ. ಇವನು ನನ್ನ ಪ್ಯಾಂಟನ್ನು ಮೊಣಕಾಲಿಗೆ ಮಡಿಸಿ, ಸಿಮೆಂಟ್ ಕಲಸಿ ಕೂತುಬಿಟ್ಟ. ಆಕೆ ಚಹಾ ಹಿಡಿದು ಬಚ್ಚಲ ಬಾಗಿಲಲ್ಲೇ ನಿಂತಳು. ಫರಶಿ ಗಟ್ಟಿಯಾಗುವುದರೊಳಗೆ ಸಂಬಂಧ ಗಟ್ಟಿಯಾಯಿತು. ಸಿಮೆಂಟು ಮೆತ್ತಿಕೊಂಡು ಅದೂ ಗಟ್ಟಿಯಾದ ನನ್ನ ಪ್ಯಾಂಟು ಈಗ ಯಾರ ಅಳತೆಗೂ ಇಲ್ಲ.

ಇಷ್ಟು ಉಪಕಾರ ಮಾಡಿದ ತಾವು ಮೊನ್ನೆ ‘ನಿಮ್ಮ ದೇಹವು ನಮ್ಮ ದಾಖಲೆಗೆ ಹೊಂದುತ್ತಿಲ್ಲ, ದಯವಿಟ್ಟು ಬಂದು ಸರಿಪಡಿಸಿಕೊಳ್ಳಿ’ ಎಂದು ಬರೆದಿದ್ದೀರಿ. ದಮ್ಮಯ್ಯ, ದಾಖಲೆಯನ್ನು ಮುಟ್ಟಬೇಡಿ. ತಮ್ಮ ಮೋಡದಲ್ಲಿ ನಾನು ಸಣಕಲು ತರುಣನಾಗಿರುವುದರಿಂದ, ಹಾಗೆಂದು ಒಂದು ಸರ್ಟಿಫಿಕೇಟು ಬರೆದುಕೊಟ್ಟರೆ, ಹೊಟ್ಟೆ ಇಳಿಸಿ ಎಂದು ಪೀಡಿಸುವ ನಮ್ಮ ಕಾರ್ಖಾನೆಯ ಡಾಕ್ಟರರ ಮುಂದೆ ಹಿಡಿಯುತ್ತೇನೆ. ಸಾಧ್ಯವಾದರೆ ನನ್ನ ಸಕ್ಕರೆ ಕಾಯಿಲೆಯನ್ನೂ ತಮ್ಮ ಕೌಂಟರಿನಲ್ಲಿ ಒಪ್ಪಿಸಿಕೊಂಡು, ಯಾರಿಗೂ ತಲುಪದಂತೆ ಕಳೆದುಹಾಕುವ ವ್ಯವಸ್ಥೆಯಾಗಬೇಕು. ಮತ್ತು ತಾರಾಳನ್ನು ಬೈಯಕೂಡದು. ಇಡೀ ಕಂಪನಿಯಲ್ಲಿ ನಮ್ಮ ಮುಖ ನೋಡಿದವಳು ಆಕೆಯೊಬ್ಬಳೇ.

ಮೋಡದಲ್ಲಿ ತೆಳ್ಳಗೆ, ಭೂಮಿಯ ಮೇಲೆ ದಪ್ಪಗೆ ಇರುವ

ತಮ್ಮ ವಿಶ್ವಾಸಿ,
ನರಹರಿ
ಬಾಲಾನಗರ, ಹೈದರಾಬಾದ್

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ, ಸುಭದ್ರಾಳ ರೇಷ್ಮೆ ರವಿಕೆ ಸಿದ್ಧವಾಗಿದೆಯೆಂದು ತಮ್ಮ ಸಂದೇಶ ಬಂದಿದೆ. ಆಕೆ ತಮಗೆ ಯಾವ ರವಿಕೆಯನ್ನೂ ಕೊಟ್ಟಿಲ್ಲ. ನಾನು ಹಾಗೆಂದು ಹೇಳಿದರೆ, “ಇರ್‍ಲಿ ಬಿಡ್ರಿ, ಯಾರದಂತ ನೋಡೂಣು, ಆಕೀ ಮನ್ಯಾಗೂ ಒಬ್ಬ ಲಗ್ನದ ಹುಡುಗಿ ಇರಬಹುದು; ನಮ್ಮ ಅಣ್ಣನ ಮಗಗ ಹೆಣ್ಣು ಹುಡುಕಾಕತ್ತೀವಿ,” ಎಂದು ಹೆರಳು ಹಾಕಿಕೊಳ್ಳುತ್ತಿದ್ದಾಳೆ. ಬಟ್ಟೆಯ ಧಂದೆ ಕೈಕೊಟ್ಟರೂ ತಾವು ಹೆದರಬೇಕಿಲ್ಲ. ಬೋರ್ಡು ಬದಲಿಸಿದರೆ ಸಾಕು.