ಅಟ್ಟದ ಮೇಲಿನ ಅಲಂಕಾರಶಾಸ್ತ್ರ

ತಿಪಟೂರು ಸೀಮೆಯವರಿಗೆ ಅಲಂಕಾರ ಪಾಠ ಮಾಡಹೊರಟವನಿಗೆ ಬುದ್ಧಿ ನೆಟ್ಟಗಿಲ್ಲ ಅಂತಲೇ ಅರ್ಥ. ಹಾಗೆ ಹೊರಟವನು ನಾನೇ ಆದ್ದರಿಂದ ಧೈರ್ಯವಾಗಿ ಹೇಳ್ತೀನಿ. ದೂರಶಿಕ್ಷಣದಲ್ಲಿ ಎಂ.ಎ. ಕಟ್ಟಿದವರಿಗೆ ಭಾನುವಾರ ಕಾವ್ಯಮೀಮಾಂಸೆ ಹೇಳಿಕೊಡ್ತೀನಿ. ಪ್ರತಿ ಭಾನುವಾರ ಏನಾದರೊಂದು ಆಗೇ ಆಗುತ್ತೆ. ಅದರಲ್ಲಿ ಮುಕ್ಕಾಲು ಪಾಲು ದಂಡಿನಶಿವರದ ಅಕ್ಕನಿಂದ. ನನಗಿಂತ ಹತ್ತು ವರ್ಷ ದೊಡ್ಡವರು. ತೋಟ, ಮನೆ, ಅತ್ತೆ ಎಲ್ಲ ನಿಭಾಯಿಸಿಕೊಂಡು ಓದಲು ಕೂತವರು. ಹೋದ ಸಲ ಮೌಖಿಕ ಪರೀಕ್ಷೆಯಲ್ಲಿ ಬಾಯೇ ಬಿಡದೆ ಫೇಲಾಗಿದ್ದರು.

"ಈ ಸಲಾನೂ ಹೋಯ್ತು ಅಂದ್ರೆ ಪುಸ್ತಕ ಎಲ್ಲ ಕಾಯಿ ಜೊತೆ ಅಟ್ಟಕ್ಕೆ ಹಾಕ್ಬುಡ್ತೀನಿ ಮೇಷ್ಟ್ರೇ" ಅಂದಾಗ ಇವರನ್ನ ಪಾಸು ಮಾಡಿಸಲೇಬೇಕು ಅಂತ ಹಟ ತೊಟ್ಟಿದ್ದೆ.

೧. ಉಪಮೆ

"ಮುಖ ಚಂದ್ರನಂತಿದೆ" ಅಂತ ಬೋರ್ಡಿನ ಮೇಲೆ ಬರೆದೆ. ಅಕ್ಕನಿಗೆ ಒಪ್ಪಿಗೆಯಾಗಲಿಲ್ಲ.

"ನಮ್ಮತ್ತೆ ಮುಖ ಜುಟ್ಟು ಕಿತ್ತ ತೆಂಗಿನಕಾಯಿ ಥರ ಐತೆ ಮೇಷ್ಟ್ರೇ."

"ಅಷ್ಟು ಗುಂಡಗಾ?"

"ಅಲ್ಲ. ಮೂರು ಕಣ್ಣು. ಒಂದು ಹಾಲಿನ್ ಮೇಲೆ, ಒಂದು ಬಾಗ್ಲಿನ್ ಮೇಲೆ, ಒಂದು ನನ್ ಮೇಲೆ."

ನಾನು ತೆಪ್ಪಗೆ ಚಂದ್ರನನ್ನು ಅಳಿಸಿದೆ.

೨. ಅತಿಶಯೋಕ್ತಿ

"ಇದ್ದದ್ದನ್ನು ಇದ್ದುದಕ್ಕಿಂತ ಬೆಳೆಸಿ ಹೇಳೋದೇ ಅತಿಶಯೋಕ್ತಿ, ಕಾವ್ಯಕ್ಕೆ ಅದು ಶೋಭೆ" ಅಂತ ಬಿಡಿಸಿ ಹೇಳ್ತಿದ್ದೆ. ಅಕ್ಕನ ಯಜಮಾನರು ಅವರನ್ನು ಬೈಕಿನಲ್ಲಿ ಕರಕೊಂಡು ಹೋಗಲು ಬಂದು ಕಿಟಕಿ ಆಚೆ ನಿಂತಿದ್ದರು. ಅಲ್ಲಿಂದಲೇ ತಲೆ ತೂರಿಸಿದರು.

"ಅದು ಅಲಂಕಾರಾನಾ ಮೇಷ್ಟ್ರೇ? ಇಷ್ಟು ವರ್ಷ ಇವಳು ಅದನ್ನ ಸುಳ್ಳು ಅಂತಿದ್ಲಲ್ಲ!"

೩. ನಿರ್ಲಿಪ್ತತೆ

ಇದು ಅಲಂಕಾರವಲ್ಲ, ಆದರೂ ಪಠ್ಯದಲ್ಲಿತ್ತು. ಈ ಪದಕ್ಕೆ ನಾನು ಕೊಟ್ಟ ನೋಟ್ಸು ಒಂದೂವರೆ ಪುಟ. ಅಕ್ಕನಿಗೆ ಬಾಯಿಪಾಠವೇ ಆಗಲೊಲ್ಲದು. ನಾನು ಗಂಭೀರವಾಗಿ, "ಫಲದ ಮೇಲೆ ಆಸೆ ಇಡಬಾರದು ಅಕ್ಕಾ. ನನ್ನನ್ನೇ ನೋಡಿ, ನೀವು ಪಾಸಾದರೂ ಒಂದೇ, ಫೇಲಾದರೂ ಒಂದೇ" ಅಂದಿದ್ದೆ.

ಪರೀಕ್ಷೆ ದಿನ ಬಾಗಿಲ ಹೊರಗೆ ನಿಂತಿದ್ದೆ. ಪರ ಊರಿಂದ ಬಂದ ಪರೀಕ್ಷಕರು ಕೇಳಿದ್ದು ಅದನ್ನೇ: "ನಿರ್ಲಿಪ್ತತೆ ಅಂದ್ರೇನಮ್ಮ?"

ಒಳಗೆ ಸದ್ದಿಲ್ಲ. ಅಯ್ಯೋ, ಮತ್ತೆ ಬಾಯಿ ಕಟ್ಟಿತಲ್ಲಪ್ಪಾ ಅಂತ ಬಾಗಿಲಿಗೆ ಕಿವಿ ಹಚ್ಚಿದೆ.

ಆಮೇಲೆ ಅಕ್ಕನ ದನಿ ಕೇಳಿತು. "ಅಟ್ಟದ ಮೇಲೆ ಕಾಯಿ ಹಾಕ್ತೀವಲ್ಲ ಸಾರ್, ವರ್ಷಕ್ಕೆ ನೀರೆಲ್ಲ ಇಂಗಿ ಕೊಬ್ಬರಿ ಆಯ್ತದೆ. ಚಿಪ್ಪಿನೊಳಗೇ ಇರ್ತದೆ, ಚಿಪ್ಪಿಗೆ ಅಂಟ್ಕೊಂಡಿರಲ್ಲ. ಸಂಸಾರದಲ್ಲಿ ಹಂಗಿರೋದು."

"ಭೇಷ್! ಹಾಗಾಗಿದೆ ಅಂತ ಹೊರಗಿನವರಿಗೆ ಗೊತ್ತಾಗೋದು ಹೇಗೆ?"

"ಅಲ್ಲಾಡಿಸಿ ನೋಡ್ಬೇಕು ಸಾರ್. ಗಡಗಡ ಅಂದ್ರೆ ಆಗೈತೆ."

ಪರೀಕ್ಷಕರು ಜೋರಾಗಿ ನಕ್ಕರು. ಅಕ್ಕ ಹೊರಗೆ ಕಾಲಿಡುವಷ್ಟರಲ್ಲಿ ನಾನು ಅಡ್ಡ ನಿಂತಿದ್ದೆ. "ಏನಂದ್ರು? ಪಾಸಾ? ಬೇಗ ಹೇಳ್ರೀ ಅಕ್ಕಾ!"

ಅಕ್ಕ ನನ್ನ ತೋಳು ಹಿಡಿದು ಒಂದ್ಸಲ ಅಲ್ಲಾಡಿಸಿ, ಕಿವಿಗೊಟ್ಟು ಕೇಳಿದರು.

"ನಾನು ಪಾಸು, ಪುಸ್ತಕ ಅಟ್ಟಕ್ಕೋಗಲ್ಲ. ನೀವು ಮಾತ್ರ ಇನ್ನೊಂದು ವರ್ಷ ಅಲ್ಲೇ ಇರ್ಬೇಕು ಮೇಷ್ಟ್ರೇ, ಸದ್ದೇ ಇಲ್ಲ."