ಬಿಯರನ್ನು ಕಿವಿಯಲ್ಲಿ ಕುಡಿದ ಭಾವ

ನಮ್ಮ ಭಾವ ಬಿಯರನ್ನು ಕಿವಿಯಲ್ಲಿ ಕುಡಿದರು ಎಂದರೆ ನೀವು ನನ್ನ ಬಾಯಿಯನ್ನೇ ಮೂಸಿ ನೋಡುತ್ತೀರಿ. ಆದರೆ ಆ ಶನಿವಾರ ಬಾಸ್ಕಿಂಗ್ ರಿಡ್ಜ್ ಎಂಬ ಊರಿನ ಅವರ ಅಡುಗೆಮನೆಯಲ್ಲಿ ಅಕ್ಕ, ಅವಳ ಮಗಳು, ನಾನು, ಮೂವರೂ ಇದ್ದೆವು.

ಭಾವನಿಗೆ ಒಂದೇ ಹುಚ್ಚು: ಬೆಲ್ಜಿಯಮ್ಮಿನ ಸ್ಟ್ರಾಂಗ್ ಏಲ್, ಬಿಯರುಗಳಲ್ಲೇ ಗಟ್ಟಿ ಕುಳ. ಕುಡಿಯುವುದು ವಾರಕ್ಕೊಂದು ಲೋಟ, ಪಾಠ ಮಾತ್ರ ವಾರವಿಡೀ. ಸತ್ಯನಾರಾಯಣ ಪೂಜೆಗೆ ಬಂದವರನ್ನೂ ಪ್ರಸಾದ ಕೈಯಲ್ಲಿರುವಾಗಲೇ ಬೇಸ್‌ಮೆಂಟಿಗೆ ಇಳಿಸುತ್ತಿದ್ದರು.

"ನೋಡಯ್ಯಾ, ಈ ಕರಿಯದಕ್ಕೆ ಹಾಕೋದು ಕಪ್ಪಗೆ ಕಾಯಿಸಿದ ಸಕ್ಕರೆ ಪಾಕ. ಒಣದ್ರಾಕ್ಷಿ, ಅಂಜೂರ, ಬೆಲ್ಲ, ಎಲ್ಲಾ ನಾಲಿಗೆ ಮೇಲೆ ಬರುತ್ತೆ. ಇಟ್ಟಷ್ಟೂ ಉಪ್ಪಿನಕಾಯಿ ಥರ ಮಾಗುತ್ತೆ. ಚಿನ್ನದ ಬಣ್ಣದ್ದು ಹಾಗಲ್ಲ. ಬಿಳಿ ಸಕ್ಕರೆ, ಪೇರ್ ಹಣ್ಣಿನ ಘಮ, ಮೆಣಸಿನ ಚುರುಕು. ಹೊಸದಿರೋವಾಗ್ಲೇ ಕುಡೀಬೇಕು."

"ಜೋರು ಯಾವುದು ಭಾವ?"

"ಎರಡೂ ಅಷ್ಟೇ ಜೋರು. ಕರಿಯದು ಮುಖದಲ್ಲೇ ಎಚ್ಚರಿಸುತ್ತೆ. ಚಿನ್ನದ್ದು ನಿಮ್ಮಕ್ಕನ ಹಾಗೆ, ಸಾಧುವಾಗಿ ಕೂತಿರುತ್ತೆ. ಎದ್ದು ನಿಂತಾಗ ಗೊತ್ತಾಗುತ್ತೆ."

"ನನ್ನ ಮುಂದೆ ಎದ್ದು ನಿಂತಿದ್ದು ಯಾವಾಗ ನೀವು?" ಎಂದು ಅಕ್ಕ ಮೇಲಿನಿಂದಲೇ ಕೇಳುವಳು.

ಕಳೆದ ಚಳಿಗಾಲ ಭಾವನ ಗಂಟಲಲ್ಲಿ ಗಂಟು ಕಂಡಿತು. ರೇಡಿಯೇಷನ್ ಮುಗಿಯುವ ಹೊತ್ತಿಗೆ ಭಾವ ಅರ್ಧವಾಗಿದ್ದರು, ಪಾಠ ಅರ್ಧವಾಗಿರಲಿಲ್ಲ.

ಆ ಶನಿವಾರ ಅಕ್ಕ ನಮಗೆ ಬಡಿಸಿದಳು. ತಾನಿನ್ನೂ ಉಂಡಿರಲಿಲ್ಲ. ಭಾವ ಒಂದು ತುತ್ತು ನುಂಗಿ, "ಇನ್ನೊಂದು ಸೌಟು ಹಾಕು, ಸಾರು ಹದವಾಗಿದೆ" ಎಂದರು. ನಾನು ಬಾಯಿಗಿಟ್ಟೆ. ಉಪ್ಪೇ ಇಲ್ಲ! ಮಗಳು ಮೇಜಿನ ಕೆಳಗಿಂದ ಉಪ್ಪಿನ ಡಬ್ಬಿ ದಾಟಿಸಿದಳು. ಹೆಂಡತಿಯ ಭಯ ಎಂದರೆ ಇದು ಎಂದುಕೊಂಡು ಕೆಣಕಿದೆ: "ಅಂಥಾ ನಾಲಿಗೆ ಆದ್ರೆ, ಕರಿಯದು ಚಿನ್ನದ್ದು ಕಣ್ಣು ಮುಚ್ಚಿ ಹೇಳಿ ನೋಡೋಣ."

"ಕಟ್ಟಯ್ಯಾ ಕಣ್ಣು."

ಒರೆಸುವ ಬಟ್ಟೆಯನ್ನು ಕಣ್ಣಿಗೆ ಕಟ್ಟಿ, ಎರಡು ಲೋಟಗಳಲ್ಲಿ ಗುಟುಕು ಗುಟುಕು ಸುರಿದೆ. ಭಾವ ಒಂದನ್ನು ತುಟಿಗೆ ಮುಟ್ಟಿಸಿದರು. ಇನ್ನೊಂದನ್ನೂ ಮುಟ್ಟಿಸಿದರು. ಮತ್ತೆ ಮೊದಲನೆಯದಕ್ಕೇ ಬಂದರು. ಆಮೇಲೆ ಮೆಲ್ಲಗೆ ಒಂದೊಂದನ್ನೂ ಕಿವಿಗೆ ಹಿಡಿದರು.

"ಇದು ತೂಕಡಿಸ್ತಿದೆ, ಕರಿಯದು. ಇದು ಚಿಟಿಚಿಟಿ ಅಂತಿದೆ, ಚಿನ್ನದ್ದು."

ಎರಡೂ ಸರಿ. "ಅಪ್ಪಾ, ದಟ್ಸ್ ಚೀಟಿಂಗ್" ಎಂದು ಮಗಳು ನಕ್ಕಳು. ನಾನೂ ನಕ್ಕೆ. ಅಕ್ಕ ನಗಲಿಲ್ಲ. ಒಲೆಯ ಹತ್ತಿರ ಹೋಗಿ ಅಂಗೈಗೆ ಒಂದು ಹನಿ ಸಾರು ಬಿಟ್ಟುಕೊಂಡು ನೆಕ್ಕಿದಳು. ಗಂಡನ ನಾಲಿಗೆಯಲ್ಲಿ ರುಚಿಯೇ ಉಳಿದಿಲ್ಲ, ತನ್ನ ಅಡುಗೆಯನ್ನು ಇಷ್ಟು ದಿನ ಸುಮ್ಮನೆ ಹೊಗಳಿದ್ದಾರೆ ಎಂದು ಅವಳಿಗೆ ಆಗ ತಿಳಿಯಿತು. ನಮಗೂ.

"ಯಾಕೆ ಎಲ್ಲಾ ಸುಮ್ಮನಾದ್ರಿ?" ಕಣ್ಣಿನ ಬಟ್ಟೆ ಬಿಚ್ಚದೆ ಭಾವ ಕೇಳಿದರು.

"ಏನಿಲ್ಲ ರೀ. ಸಾರು ಇನ್ನೊಂಚೂರು ಹಾಕ್ಲಾ?"

"ಹಾಕು. ಹದವಾಗಿದೆ."

ಆಮೇಲೂ ಅಕ್ಕ ದಿನಾ ರುಚಿ ಕೇಳಿದಳು, ಭಾವ ದಿನಾ ಹೇಳಿದರು: ಒಂದು ದಿನ ಹುಳಿ ಮುಂದು, ಒಂದು ದಿನ ಖಾರ ಹಿಂದು.

ಮೇ ತಿಂಗಳಲ್ಲಿ ಭಾವ ಹೋದರು. ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಶನಿವಾರ, ಬಿಯರನ್ನು ಎಂದೂ ಮುಟ್ಟದ ಅಕ್ಕ ಬೇಸ್‌ಮೆಂಟಿನಿಂದ ಚಿನ್ನದ ಬಣ್ಣದ ಒಂದು ಬಾಟಲಿ ತಂದು ಅವರ ಲೋಟಕ್ಕೆ ಸುರಿದು ಕಿವಿಗೆ ಹಿಡಿದಳು. ಸದ್ದು ಪೂರ್ತಿ ನಿಲ್ಲುವವರೆಗೂ ಹಾಗೇ ನಿಂತಿದ್ದು, ಆಮೇಲೆ ಲೋಟ ತೊಳೆದಿಟ್ಟಳು.